ಒಡೆಯರಪಾಳ್ಯದ ನಮ್ಮ ನೆರೆಯವರು

ಸ್ವದೇಶವನ್ನು ಬಿಟ್ಟು ಪರಸ್ಥಳದಲ್ಲಿ ಮನೆಮಾಡಿದ ಜನರು ತಮ್ಮ ಭಾಷೆಯನ್ನೂ ನಡೆನುಡಿಗಳನ್ನೂ ಹಬ್ಬಹುಣ್ಣಿಮೆಗಳನ್ನೂ ಎಷ್ಟು ಕಾಲ ಉಳಿಸಿಕೊಂಡಾರು, ಯಾವ ಉಪಾಯದಿಂದ ಉಳಿಸಿಕೊಂಡಾರು ಎಂಬ ಪ್ರಶ್ನೆಯು ಹಿಂದಿನಿಂದಲೂ ವಿಚಾರವಂತರ ಮನಸ್ಸನ್ನು ಸೆಳೆಯುತ್ತ ಬಂದಿದೆ. ಈಗ ಅದು ನಮ್ಮ ಸ್ವಂತ ಮನೆಗಳ ಪ್ರಶ್ನೆಯೂ ಆಗಿದೆ. ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಕೆಲವರು ಬೆಂಗಳೂರಿನಲ್ಲಿಯೂ, ಕೆಲವರು ಕೊಲ್ಲಿ ದೇಶಗಳ ಆಸ್ಪತ್ರೆಗಳಲ್ಲಿ ದಾದಿಯರಾಗಿಯೂ, ಕೆಲವರು ಇಂಗ್ಲೆಂಡ್ ಅಮೆರಿಕಗಳಲ್ಲಿ ಗೃಹಿಣಿಯರಾಗಿಯೂ ಇದ್ದಾರೆ. ಅವರಿಂದ ಬರುವ ಕಾಗದಗಳಲ್ಲಿ ಒಂದು ಸಂಗತಿಯು ಮೇಲಿಂದ ಮೇಲೆ ಕಾಣುತ್ತದೆ. ಏನೆಂದರೆ, ಮಕ್ಕಳು ಕನ್ನಡವನ್ನು ಕೇಳಿದರೆ ತಿಳಿದುಕೊಳ್ಳುತ್ತಾರೆ, ಅಷ್ಟಿಷ್ಟು ಆಡಿಯೂ ಆಡುತ್ತಾರೆ. ಆದರೆ ಅಜ್ಜಿಯು ಬರೆದ ಕಾಗದವನ್ನು ಓದಲಾರರು.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಂಡು ನಾವು ಬಹುದೂರ ಹೋಗಬೇಕಾದದ್ದಿಲ್ಲ. ಕೊಳ್ಳೇಗಾಲದಿಂದ ಹನೂರು ಸೀಮೆಗೆ ಹೋಗಿ, ಲೊಕ್ಕನಹಳ್ಳಿಯ ಕಡೆಯಿಂದ ಬೆಟ್ಟದ ಸಾಲಿಗೆ ಏರಿದರೆ ಒಡೆಯರಪಾಳ್ಯವು ಸಿಕ್ಕುತ್ತದೆ. ಬಿಳಿಗಿರಿರಂಗನ ಬೆಟ್ಟದ ಕಾಡಿಗೆ ಹೊಂದಿಕೊಂಡಿರುವ ಈ ಸ್ಥಳದಲ್ಲಿ ಐವತ್ತು ವರ್ಷಗಳಿಗೂ ಮೇಲ್ಪಟ್ಟು ಟಿಬೆಟ್ ದೇಶದ ಜನರು ವಾಸವಾಗಿದ್ದಾರೆ. ಅವರ ಬಣ್ಣಬಣ್ಣದ ಪತಾಕೆಗಳನ್ನೂ ಮಠದ ಬಂಗಾರದ ಬಣ್ಣದ ಶಿಖರವನ್ನೂ ನಮ್ಮವರಲ್ಲಿ ಅನೇಕರು ರಜಾದಿನಗಳಲ್ಲಿ ನೋಡಿ ಬಂದಿದ್ದಾರೆ. ಆದರೆ ನೋಡಿ ಬರುವುದು ಬೇರೆ, ತಿಳಿದು ಬರುವುದು ಬೇರೆ. ಆ ಜನರು ತಮ್ಮ ಸಮುದಾಯದ ಬಾಳನ್ನು ಹೇಗೆ ಕಟ್ಟಿಕೊಂಡಿದ್ದಾರೆ, ಅದರಲ್ಲಿ ಯಾವುದು ನಿಂತಿದೆ, ಯಾವುದು ಸಡಿಲುತ್ತಿದೆ ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆದಿದ್ದೇವೆ.

ಅವರು ಬಂದ ಬಗೆ

ಟಿಬೆಟ್ ಎಂಬುದು ಹಿಮಾಲಯದ ಆಚೆಗಿರುವ ಬಹು ಎತ್ತರವಾದ ಪ್ರಸ್ಥಭೂಮಿ. ಅಲ್ಲಿಯ ಜನರು ಬಾರ್ಲಿ ಎಂಬ ಜವೆಗೋಧಿಯನ್ನು ಬೆಳೆದುಕೊಂಡು, ಕುರಿಗಳನ್ನೂ ಯಾಕ್ ಎಂಬ ಚಮರೀಮೃಗಗಳನ್ನೂ ಸಾಕಿಕೊಂಡು ಇದ್ದವರು. 1950ರಲ್ಲಿ ಚೀನಾ ದೇಶದ ಸೈನ್ಯವು ಅಲ್ಲಿಗೆ ಪ್ರವೇಶಿಸಿತು. 1959ನೆಯ ಇಸವಿ ಮಾರ್ಚ್ 10ರಂದು ರಾಜಧಾನಿಯಾದ ಲ್ಹಾಸಾದಲ್ಲಿ ಜನರು ದಂಗೆಯೆದ್ದರು. ಅದೇ ತಿಂಗಳ 17ರ ರಾತ್ರಿ ಅವರ ಧರ್ಮಗುರುವೂ ಪ್ರಭುವೂ ಆಗಿದ್ದ ಹದಿನಾಲ್ಕನೆಯ ದಲೈ ಲಾಮಾ ಅವರು ಮಾರುವೇಷದಲ್ಲಿ ಹೊರಟು, 31ರಂದು ಭಾರತದ ಗಡಿಯನ್ನು ಸೇರಿದರು. ಅವರ ಹಿಂದೆ ಸಾವಿರಾರು ಜನರು ಮಂಜಿನ ಕಣಿವೆಗಳನ್ನು ದಾಟಿ ಬಂದರು.

ಬಂದವರನ್ನು ಮೊದಲು ಅಸ್ಸಾಮ್ ಮತ್ತು ಬಂಗಾಳ ಪ್ರಾಂತಗಳ ಶಿಬಿರಗಳಲ್ಲಿ ಇರಿಸಲಾಯಿತು. ಶೀತದೇಶದ ಜನರಾದ್ದರಿಂದ ಅಲ್ಲಿಯ ಸೆಕೆಗೂ ರೋಗಗಳಿಗೂ ತುತ್ತಾಗಿ ಅನೇಕರು ಮೃತಪಟ್ಟರು. ಬಳಿಕ ಹಿಮಾಲಯದ ತಪ್ಪಲುಗಳಲ್ಲಿ ರಸ್ತೆ ಹಾಕುವ ಕೂಲಿಯ ಕೆಲಸವು ಸಿಕ್ಕಿತು. ಗಂಡಹೆಂಡಿರಿಬ್ಬರೂ ಕಲ್ಲೊಡೆಯುತ್ತಿರಲು ಮಕ್ಕಳು ದಾರಿಯ ಬದಿಯಲ್ಲಿ ಇರಬೇಕಾಗಿತ್ತು. ಈ ಸ್ಥಿತಿಯಲ್ಲಿ ಆ ಜನಾಂಗವು ಚದುರಿ ಹೋಗುವುದೆಂದು ಕಂಡು, ಪ್ರಧಾನಮಂತ್ರಿಗಳಾಗಿದ್ದ ಜವಾಹರಲಾಲ ನೆಹರೂ ಅವರು ಎರಡು ಕಾರ್ಯಗಳಿಗೆ ಸಹಾಯಮಾಡಿದರು. ಒಂದು, ಅವರ ಮಕ್ಕಳಿಗಾಗಿ ಪ್ರತ್ಯೇಕ ಶಾಲೆಗಳು. ಇನ್ನೊಂದು, ಅವರೆಲ್ಲರೂ ಒಟ್ಟಾಗಿ ಇರುವಂತೆ ಬೇಸಾಯದ ನೆಲೆಗಳು. ನೆಲವನ್ನು ಕೊಡಲು ಮುಂದೆ ಬಂದ ರಾಜ್ಯಗಳಲ್ಲಿ ನಮ್ಮ ಮೈಸೂರು ರಾಜ್ಯವು ಮುಖ್ಯವಾದದ್ದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುಭೂಮಿಯಲ್ಲಿ 1960ರ ಕೊನೆಯಲ್ಲಿ ಮೊದಲನೆಯ ನೆಲೆಯು ಆರಂಭವಾಯಿತು. ಆಮೇಲೆ ಉತ್ತರ ಕನ್ನಡದ ಮುಂಡಗೋಡಿನಲ್ಲಿಯೂ, ಬೈಲುಕುಪ್ಪೆಯಲ್ಲಿಯೇ ಎರಡನೆಯದಾಗಿಯೂ, ಹುಣಸೂರಿನ ಹತ್ತಿರದಲ್ಲಿಯೂ ನೆಲೆಗಳಾದವು. ನಮ್ಮ ಒಡೆಯರಪಾಳ್ಯದ್ದು ಇವುಗಳಲ್ಲಿ ಐದನೆಯದು. ಇದು 1973-74ರಲ್ಲಿ ಸ್ಥಾಪಿತವಾಯಿತು. ಇದಕ್ಕೆ ಅವರು ಇಟ್ಟ ಹೆಸರು ಧೊಂಡೆನ್‌ಲಿಂಗ್. ಅರ್ಥವುಳ್ಳ ಸ್ಥಳ, ಸಾರ್ಥಕವಾದ ನೆಲೆ ಎಂದು ಅದರ ಭಾವ. ಇದರಲ್ಲಿ 22 ಸಣ್ಣ ಹಳ್ಳಿಗಳುಂಟು.

ಇಲ್ಲಿ ಒಂದು ಮಾತನ್ನು ಮರೆಯದೆ ಹೇಳಬೇಕು. ಇದೇ ಬೆಟ್ಟಗಳಲ್ಲಿ ಎಣಿಕೆಗೆ ಸಿಕ್ಕದ ಕಾಲದಿಂದ ಇರುವವರು ಸೋಲಿಗರು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟವು ವನ್ಯಜೀವಿಧಾಮವಾದಾಗ ಅವರ ಪೋಡುಗಳಲ್ಲಿ ಹಲವನ್ನು ಕಾಡಿನ ಒಳಗಿನಿಂದ ಅಂಚಿಗೆ ತರಲಾಯಿತು. ಕಾಡನ್ನು ಕಡಿದು ಬಿತ್ತುವ ಅವರ ಹಳೆಯ ಬೇಸಾಯವು ನಿಂತುಹೋಯಿತು. ಪರದೇಶದಿಂದ ಬಂದವರಿಗೆ ಬೆಟ್ಟದ ಒಂದು ಕಡೆಯಲ್ಲಿ ನೆಲೆ ದೊರೆತ ಕಾಲದಲ್ಲಿಯೇ ಬೆಟ್ಟದ ಮಕ್ಕಳು ತಮ್ಮ ನೆಲೆಯಿಂದ ಕದಲಬೇಕಾಯಿತು. ಕಾಡಿನ ಮೇಲೆ ಸೋಲಿಗರಿಗಿರುವ ಸಮುದಾಯದ ಹಕ್ಕುಗಳಿಗೆ ಸರ್ಕಾರದ ಪತ್ರಗಳು ದೊರೆತದ್ದು 2011ರಲ್ಲಿ. ದೇಶಾಂತರ ಹೋಗದೆಯೇ ಮನೆಯನ್ನು ಕಳೆದುಕೊಳ್ಳುವವರೂ ಉಂಟೆಂಬುದನ್ನು ಈ ಸೀಮೆಯವರಾದ ನಾವು ತಿಳಿದಿರತಕ್ಕದ್ದು.

ಜೀವನೋಪಾಯ

ಜವೆಗೋಧಿಯ ಜನರಿಗೆ ಇಲ್ಲಿಯ ಮಣ್ಣು ಹೊಸದು, ಮಳೆಯು ಹೊಸದು, ಆನೆಯೂ ಹೊಸದು. ಕಾಡನ್ನು ಸವರಿ ಹೊಲಮಾಡಿ, ಮುಖ್ಯವಾಗಿ ಮುಸುಕಿನ ಜೋಳವನ್ನೂ ಅದರೊಡನೆ ರಾಗಿಯನ್ನೂ ಬೆಳೆಯಲು ಅವರು ಕಲಿತುಕೊಂಡರು. ನೀರಾವರಿ ಇಲ್ಲದ ಈ ಮಾನಾವಾರಿ ಹೊಲಗಳಲ್ಲಿ ಮಳೆ ತಪ್ಪಿದರೆ ಬೆಳೆ ತಪ್ಪಿತು. ಮಳೆ ಬಂದು ತೆನೆ ಕಟ್ಟಿದರೆ ರಾತ್ರಿಯಲ್ಲಿ ಆನೆಗಳ ಹಿಂಡು ಬಂದಿತು. ಇವೆರಡೂ ನಮ್ಮ ಹನೂರು ಸೀಮೆಯ ರೈತರಿಗೆ ವಿವರಿಸಿ ಹೇಳಬೇಕಾದ ಸಂಗತಿಗಳಲ್ಲ.

ಆದಕಾರಣ ಅವರು ಬೇಸಾಯದೊಡನೆ ಮತ್ತೊಂದು ಕಸುಬನ್ನು ಹಿಡಿದರು. ಅದೇ ಉಣ್ಣೆಯ ಅಂಗಿಗಳ ವ್ಯಾಪಾರ. ಸುಗ್ಗಿಯು ಮುಗಿಯುವ ಹೊತ್ತಿಗೆ ಮನೆಗೆ ಒಬ್ಬರೋ ಇಬ್ಬರೋ ಹೊರಟು, ಪಂಜಾಬಿನ ಲೂಧಿಯಾನದ ವರ್ತಕರಿಂದ ಸ್ವೆಟರುಗಳನ್ನು ಸಾಲವಾಗಿ ತಂದು, ಚಳಿಗಾಲದಲ್ಲಿ ಊರೂರುಗಳ ಬೀದಿಬದಿಯಲ್ಲಿ ಮಾರುತ್ತಾರೆ. ನಮ್ಮ ವಾಚಕರಲ್ಲಿ ಅನೇಕರು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇವರಿಂದ ಮಕ್ಕಳಿಗೆ ಸ್ವೆಟರನ್ನು ಕೊಂಡಿರಬಹುದು. ವ್ಯಾಪಾರವು ಮುಗಿದ ಮೇಲೆ ಸಾಲವನ್ನು ತಪ್ಪದೆ ತೀರಿಸುತ್ತಾರೆಂಬ ನಂಬಿಕೆಯ ಮೇಲೆಯೇ ಈ ವ್ಯವಹಾರವು ನಡೆದುಬಂದಿದೆ. ತಂದೆತಾಯಿಗಳು ಹೀಗೆ ತಿಂಗಳುಗಟ್ಟಲೆ ಹೊರಗಿರುವಾಗ ಮಕ್ಕಳನ್ನು ನೋಡಿಕೊಳ್ಳುವವರು ಮನೆಯ ವೃದ್ಧರು. ಈ ಸಂಗತಿಯನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಭಾಷೆಯ ವಿಚಾರಕ್ಕೆ ಬರುವಾಗ ಇದು ಬೇಕಾಗುತ್ತದೆ.

ತಮ್ಮನ್ನು ತಾವೇ ಆಳಿಕೊಳ್ಳುವ ಬಗೆ

ಭಾರತದ ಕಾಯಿದೆಗಳಿಗೆ ಅವರು ಒಳಪಟ್ಟವರೇ. ಆದರೂ ತಮ್ಮೊಳಗಿನ ವ್ಯವಹಾರಗಳನ್ನು ನೋಡಿಕೊಳ್ಳಲು ಅವರಿಗೆ ತಮ್ಮದೇ ಆದ ಏರ್ಪಾಡುಂಟು. ಹಿಮಾಚಲ ಪ್ರದೇಶದ ಧರ್ಮಶಾಲೆಯಲ್ಲಿ ಅವರ ಕೇಂದ್ರ ಆಡಳಿತವಿದೆ. ಅಲ್ಲಿಂದ ಒಬ್ಬ ನೆಲೆಯ ಅಧಿಕಾರಿಯು ಬರುತ್ತಾನೆ. ಹಳ್ಳಿಹಳ್ಳಿಗೆ ಮುಖಂಡನು ಇರುತ್ತಾನೆ. ಸಹಕಾರ ಸಂಘ, ಆಸ್ಪತ್ರೆ, ವೃದ್ಧರ ನಿಲಯ ಇವೆಲ್ಲವೂ ಸಮುದಾಯದ ಹೆಸರಿನಲ್ಲಿ ನಡೆಯುತ್ತವೆ. 1960ನೆಯ ಇಸವಿ ಸೆಪ್ಟೆಂಬರ್ 2ರಂದು ಅವರ ಚುನಾಯಿತ ಪ್ರತಿನಿಧಿಗಳು ಮೊದಲ ಬಾರಿಗೆ ಪ್ರಮಾಣ ಸ್ವೀಕರಿಸಿದರು. ಆ ದಿನವನ್ನು ಅವರು ಪ್ರಜಾಪ್ರಭುತ್ವದ ದಿನವೆಂದು ಆಚರಿಸುತ್ತಾರೆ. 1991ರಲ್ಲಿ ತಮ್ಮದೊಂದು ಸನ್ನದನ್ನು ಬರೆದುಕೊಂಡರು. 2001ರಿಂದ ಮುಖ್ಯ ಆಡಳಿತಗಾರನನ್ನು ಜನರೇ ನೇರವಾಗಿ ಆರಿಸುತ್ತಾರೆ. 2011ರಲ್ಲಿ ದಲೈ ಲಾಮಾ ಅವರು ತಮ್ಮ ರಾಜ್ಯಾಧಿಕಾರವನ್ನೆಲ್ಲ ತಾವಾಗಿಯೇ ಬಿಟ್ಟುಕೊಟ್ಟು, ಚುನಾಯಿತರ ಕೈಗೆ ಒಪ್ಪಿಸಿದರು. 2021ರ ಚುನಾವಣೆಯಲ್ಲಿ ಆ ಸ್ಥಾನಕ್ಕೆ ಆರಿಸಿ ಬಂದ ಪೆನ್ಪಾ ತ್ಸೆರಿಂಗ್ ಅವರು ನಮ್ಮ ಬೈಲುಕುಪ್ಪೆಯಲ್ಲಿ ಹುಟ್ಟಿ ಅಲ್ಲಿಯೇ ಶಾಲೆ ಕಲಿತವರು.

ಇದಕ್ಕೆಲ್ಲ ಬೇಕಾದ ಹಣದಲ್ಲಿ ಒಂದು ಭಾಗವು ಜನರಿಂದಲೇ ಬರುತ್ತದೆ. 1972ರಲ್ಲಿ ಪ್ರಾರಂಭವಾದ ಪದ್ಧತಿಯಂತೆ ಪ್ರತಿಯೊಬ್ಬನ ಬಳಿಯಲ್ಲಿ ಹಸುರು ಬಣ್ಣದ ಒಂದು ಸಣ್ಣ ಪುಸ್ತಕವಿರುತ್ತದೆ. ವರ್ಷ ವರ್ಷವೂ ಕೊಟ್ಟ ಕಾಣಿಕೆಯು ಅದರಲ್ಲಿ ನಮೂದಾಗುತ್ತದೆ. ಮೊಬಲಗು ಅಲ್ಪವಾದದ್ದು, ಬಲವಂತವೂ ಇಲ್ಲ. ಆದರೆ ಆ ಪುಸ್ತಕವಿಲ್ಲದವನು ಅವರ ಚುನಾವಣೆಯಲ್ಲಿ ಮತ ಹಾಕಲಾರನು. ಅಮೆರಿಕಕ್ಕೆ ಹೋಗಿ ನೆಲೆಸಿದವನೂ ಅಲ್ಲಿಂದಲೇ ಇದನ್ನು ಸಲ್ಲಿಸುತ್ತಾನೆ. ಒಂದು ಸಮುದಾಯಕ್ಕೆ ನಾನು ಸೇರಿದವನೆಂದು ಬಾಯಲ್ಲಿ ಹೇಳುವುದಕ್ಕೂ, ವರ್ಷಕ್ಕೊಮ್ಮೆ ಕೈಯಿಂದ ಏನಾದರೂ ಕೊಟ್ಟು ಲೆಕ್ಕ ಬರೆಸುವುದಕ್ಕೂ ಎಷ್ಟು ಅಂತರವೆಂಬುದನ್ನು ಸಂಘಸಂಸ್ಥೆಗಳನ್ನು ನಡೆಯಿಸಿದವರು ಬಲ್ಲರು.

ಶಾಲೆ ಮತ್ತು ಅಕ್ಷರ

ಉಪಾಧ್ಯಾಯ ವೃತ್ತಿಯವರಾದ ನಮಗೆ ಈ ಭಾಗವು ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ದಲೈ ಲಾಮಾ ಅವರು ಭಾರತಕ್ಕೆ ಬಂದು ಒಂದು ವರ್ಷ ತುಂಬುವುದಕ್ಕೆ ಮುಂಚೆಯೇ, 1960ನೆಯ ಇಸವಿ ಮಾರ್ಚ್ ತಿಂಗಳಲ್ಲಿ, ಮಸ್ಸೂರಿಯಲ್ಲಿ ಅವರ ಮೊದಲ ಶಾಲೆಯು ತೆರೆಯಿತು. ಮನೆ ಇನ್ನೂ ಇಲ್ಲ, ಹೊಲ ಇನ್ನೂ ಇಲ್ಲ, ಶಾಲೆ ಮಾತ್ರ ಆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ರಸ್ತೆ ಕೂಲಿಯವರ 51 ಮಕ್ಕಳನ್ನು ಧರ್ಮಶಾಲೆಗೆ ಕರೆತಂದು ಸಾಕುವ ಕಾರ್ಯವನ್ನು ದಲೈ ಲಾಮಾ ಅವರ ಹಿರಿಯಕ್ಕ ತ್ಸೆರಿಂಗ್ ಡೋಲ್ಮಾ ಅವರು ವಹಿಸಿಕೊಂಡರು. 1964ರಲ್ಲಿ ಅವರು ತೀರಿಕೊಳ್ಳಲು ತಂಗಿಯಾದ ಜೆತ್ಸುನ್ ಪೇಮಾ ಅವರು ಆ ಭಾರವನ್ನು ಹೊತ್ತು 2006ರ ವರೆಗೆ ನಡೆಯಿಸಿದರು. 1990ರಲ್ಲಿ ಅವರು ತಮ್ಮ ಜನರ ಆಡಳಿತದಲ್ಲಿ ಮೊದಲನೆಯ ಮಹಿಳಾ ಮಂತ್ರಿಯೂ ಆದರು. ಒಂದು ಜನಾಂಗದ ಭಾಷೆಯು ಉಳಿದದ್ದರಲ್ಲಿ ಇಬ್ಬರು ಸಹೋದರಿಯರ ಪಾಲು ಇಷ್ಟೆಂಬುದನ್ನು ನಮ್ಮ ಹೆಣ್ಣುಮಕ್ಕಳು ತಿಳಿಯಬೇಕು.

ಟಿಬೆಟಿಯನ್ ಮಕ್ಕಳ ಶಾಲೆಗಳಿಗಾಗಿ ಭಾರತ ಸರ್ಕಾರವು 1961ರಲ್ಲಿ ಒಂದು ಪ್ರತ್ಯೇಕ ಮಂಡಲಿಯನ್ನು ನೇಮಿಸಿತು. ಒಡೆಯರಪಾಳ್ಯದ ಶಾಲೆಯೂ ಅದಕ್ಕೆ ಸೇರಿತ್ತು. 2013ರಿಂದ ಈ ಶಾಲೆಗಳನ್ನು ಕ್ರಮವಾಗಿ ಟಿಬೆಟಿಯನ್ನರದೇ ಆದ ಸಂಭೋಟ ಎಂಬ ಹೆಸರಿನ ಸಂಘಕ್ಕೆ ವಹಿಸಿಕೊಡುತ್ತ ಬರಲಾಯಿತು. 2004ರಲ್ಲಿ ಅವರು ಗೊತ್ತುಮಾಡಿಕೊಂಡ ವಿದ್ಯಾನೀತಿಯ ಪ್ರಕಾರ ಚಿಕ್ಕ ತರಗತಿಗಳ ಪಾಠವು ತಾಯ್ನುಡಿಯಲ್ಲಿಯೇ ನಡೆಯಬೇಕು. ಇಂಗ್ಲಿಷ್ ಆಮೇಲೆ ಬರಬೇಕು. ಮಗುವಿಗೆ ಮೊದಲು ಇಂಗ್ಲಿಷನ್ನೇ ಕಲಿಸಬೇಕೆಂದು ಆತುರಪಡುವ ನಮ್ಮ ಪೋಷಕರು ಇದನ್ನು ಯೋಚಿಸಬಹುದು. ಇಂಗ್ಲಿಷಿನ ಅಗತ್ಯವು ಆ ಜನರಿಗೆ ನಮಗಿಂತ ಕಡಿಮೆಯದಲ್ಲ.

ಸಂಭೋಟ ಎಂಬ ಹೆಸರಿಗೆ ಒಂದು ಕಥೆಯುಂಟು. ಕ್ರಿಸ್ತಶಕ 7ನೆಯ ಶತಮಾನದಲ್ಲಿ ಸೊಂಗ್‌ತ್ಸೆನ್ ಗಂಪೊ ಎಂಬ ಅರಸನು ಥೊನ್ಮಿ ಸಂಭೋಟನೆಂಬ ಮಂತ್ರಿಯನ್ನು ಭಾರತಕ್ಕೆ ಕಳುಹಿಸಿ, ಇಲ್ಲಿಯ ಅಕ್ಷರಗಳನ್ನು ಕಲಿಸಿ, ತನ್ನ ಭಾಷೆಗೆ ಲಿಪಿಯನ್ನು ಮಾಡಿಸಿದನೆಂದು ಅವರ ಪರಂಪರೆಯು ಹೇಳುತ್ತದೆ. ಆ ಲಿಪಿಯೂ ನಮ್ಮ ಕನ್ನಡ ಲಿಪಿಯಂತೆ ಬ್ರಾಹ್ಮೀ ಲಿಪಿಯ ಸಂತತಿಗೆ ಸೇರಿದ್ದು. ಅವರ ಮಕ್ಕಳು ಹಲಗೆಯ ಮೇಲೆ ತಿದ್ದುವುದು ಕ, ಖ, ಗ, ಙ ಎಂದೇ. ನಮಗೆ ಸಾಲಿಗೆ ಐದು ಅಕ್ಷರ; ಅವರಿಗೆ ನಾಲ್ಕು, ಏಕೆಂದರೆ ಘಕಾರ ಮೊದಲಾದವು ಅವರ ನುಡಿಗೆ ಬೇಕಾಗಲಿಲ್ಲ. ಒಟ್ಟು 30 ವ್ಯಂಜನಗಳು. ಅವುಗಳೊಳಗೆ ಅಕಾರವು ಅಡಗಿಯೇ ಇದ್ದು, ಇಕಾರ ಉಕಾರ ಎಕಾರ ಒಕಾರಗಳಿಗೆ ನಾಲ್ಕು ಗುರುತುಗಳು. ಮುಖಚರ್ಯೆಯಲ್ಲಿ, ಮಾತಿನಲ್ಲಿ ನಮಗೆ ಅಷ್ಟು ಬೇರೆಯಾಗಿ ತೋರುವ ನೆರೆಯವರ ಅಕ್ಷರಮಾಲೆಯು ನಮ್ಮದರ ದಾಯಾದಿಯೆಂಬುದು ಎಷ್ಟು ಜನರಿಗೆ ಗೊತ್ತು!

ಶಾಲೆಯು ಅಕ್ಷರವನ್ನು ಕಲಿಸಿತು. ಮಾತನ್ನು ಕಲಿಸಿದವರು ಮನೆಯ ವೃದ್ಧರು. ತಂದೆತಾಯಿಗಳು ಸ್ವೆಟರ್ ಮಾರಲು ಹೋದ ತಿಂಗಳುಗಳಲ್ಲಿ ಅಜ್ಜಿಯ ಬಳಿಯಲ್ಲಿ ಮಲಗಿದ ಮಗುವು ನೋಡದ ದೇಶದ ಬೆಟ್ಟ, ಕೆರೆ, ಕುರಿಮಂದೆಗಳ ಹೆಸರುಗಳನ್ನು ಕೇಳಿ ಬೆಳೆಯಿತು. ಬಡತನವು ಮಾಡಿಸಿದ ಈ ಏರ್ಪಾಡೇ ಭಾಷೆಗೆ ಬಲವಾಯಿತು.

ವರ್ತಮಾನ ಪತ್ರಗಳು

ಚದುರಿದ ಜನರನ್ನು ಒಂದುಗೂಡಿಸುವುದರಲ್ಲಿ ವರ್ತಮಾನ ಪತ್ರಕ್ಕೆ ಸಮಾನವಾದದ್ದು ವಿರಳ. ಟಿಬೆಟಿಯನ್ನರ ಪತ್ರಿಕೆಯ ಚರಿತ್ರೆಯಲ್ಲಿ ನಮ್ಮ ವಾಚಕರಿಗೆ ಪ್ರಿಯವಾಗುವ ಒಂದು ಸಂಗತಿಯುಂಟು. 1925ರಲ್ಲಿ ಬಂಗಾಳದ ಕಾಲಿಂಪೊಂಗ್ ಪಟ್ಟಣದಿಂದ ಮೆಲೊಂಗ್, ಅಂದರೆ ಕನ್ನಡಿ, ಎಂಬ ಹೆಸರಿನ ಟಿಬೆಟಿಯನ್ ಪತ್ರಿಕೆಯೊಂದು ಹೊರಟಿತು. ಅದರ ಸಂಪಾದಕರು ಥಾರ್ಚಿನ್ ಎಂಬ ಕ್ರೈಸ್ತರು. ಅವರು ಹಿಮಾಚಲದ ಕಿನ್ನೌರ್ ಸೀಮೆಯ ಪೂ ಎಂಬ ಹಳ್ಳಿಯಲ್ಲಿ 1890ರಲ್ಲಿ ಹುಟ್ಟಿ, ಮೊರೇವಿಯನ್ ಮಿಶನಿನವರಿಂದ ವಿದ್ಯೆ ಕಲಿತವರು. ಊರಿನ ವರ್ತಮಾನ, ಲೋಕದ ವರ್ತಮಾನ, ಉಣ್ಣೆಯ ಧಾರಣೆ, ಇವೆಲ್ಲವನ್ನೂ ಅವರು ಟಿಬೆಟಿಯನ್ ಭಾಷೆಯಲ್ಲಿ ಅಚ್ಚುಹಾಕಿಸಿ ಹಿಮಾಲಯದ ಆಚೆಗೂ ಕಳುಹಿಸಿದರು. 1963ರಲ್ಲಿ ಪತ್ರಿಕೆಯು ನಿಲ್ಲುವ ವೇಳೆಗೆ ಅದರ ವಾಚಕರಲ್ಲಿ ಅನೇಕರು ಸ್ವದೇಶವನ್ನು ಕಳೆದುಕೊಂಡು ಭಾರತದಲ್ಲಿದ್ದರು. 1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನಿನ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರ ಸಮಾಚಾರವನ್ನು ಹೊರಡಿಸಿ ಕನ್ನಡಕ್ಕೆ ಮೊದಲನೆಯ ವರ್ತಮಾನ ಪತ್ರವನ್ನು ಕೊಟ್ಟದ್ದನ್ನು ಇದರೊಡನೆ ನೆನೆಯಬಹುದು.

ಈಚಿನ ಕಾಲದಲ್ಲಿ ಪತ್ರಿಕೆಯ ಕೆಲಸವನ್ನು ರೇಡಿಯೋ ವಹಿಸಿಕೊಂಡಿತು. ಅಮೆರಿಕದಿಂದ 1991ರಲ್ಲಿ ವಾಯ್ಸ್ ಆಫ್ ಅಮೆರಿಕ, 1996ರಲ್ಲಿ ರೇಡಿಯೋ ಫ್ರೀ ಏಷ್ಯಾ ಟಿಬೆಟಿಯನ್ ಭಾಷೆಯಲ್ಲಿ ವಾರ್ತೆಗಳನ್ನು ಬಿತ್ತರಿಸಲು ತೊಡಗಿದವು. ಊರಿನ ಸುದ್ದಿಯನ್ನು ತಿಳಿಯಲು ಬೇರೆ ದಾರಿಯಿಲ್ಲದ ವೃದ್ಧರಿಗೆ ಈ ಧ್ವನಿಯೇ ಕಾಗದವಾಗಿತ್ತು. 2025ರಲ್ಲಿ ಅಮೆರಿಕದ ಸರ್ಕಾರವು ಈ ಸಂಸ್ಥೆಗಳ ಹಣವನ್ನು ತಡೆಹಿಡಿದಾಗ ಅವುಗಳ ಕೆಲಸಕ್ಕೆ ದೊಡ್ಡ ವಿಘ್ನವು ಬಂದಿತು. ಪರರ ಹಣದಿಂದ ನಡೆಯುವ ವರ್ತಮಾನವು ಪರರ ಇಷ್ಟದಂತೆ ನಿಲ್ಲುವುದೂ ಉಂಟು. ಈಗ ತರುಣರು ಕೈಯಲ್ಲಿರುವ ಮೊಬೈಲಿನಲ್ಲಿಯೇ ಒಡೆಯರಪಾಳ್ಯದ ಸುದ್ದಿಯನ್ನು ನ್ಯೂಯಾರ್ಕಿಗೂ ನ್ಯೂಯಾರ್ಕಿನ ಸುದ್ದಿಯನ್ನು ಒಡೆಯರಪಾಳ್ಯಕ್ಕೂ ಕ್ಷಣಮಾತ್ರದಲ್ಲಿ ಮುಟ್ಟಿಸುತ್ತಾರೆ.

ಹಬ್ಬ, ಊಟ, ಉಡುಗೆ

ಅವರ ದೊಡ್ಡ ಹಬ್ಬ ಲೋಸಾರ್ ಎಂಬ ಹೊಸವರ್ಷ. ಫೆಬ್ರವರಿ ಅಥವಾ ಮಾರ್ಚ್ ತಿಂಗಳಲ್ಲಿ ಬರುತ್ತದೆ. ಹಬ್ಬಕ್ಕೆ ಮುಂಚಿನ ಒಂದು ರಾತ್ರಿಯಲ್ಲಿ ಒಂಬತ್ತು ಬಗೆಯ ಪದಾರ್ಥಗಳನ್ನು ಹಾಕಿ ಗುಥುಕ್ ಎಂಬ ಸಾರನ್ನು ಮಾಡುತ್ತಾರೆ. ಅದರಲ್ಲಿ ಹಿಟ್ಟಿನ ದೊಡ್ಡ ಉಂಡೆಗಳನ್ನು ಬಿಟ್ಟು, ಒಂದೊಂದರೊಳಗೆ ಒಂದೊಂದು ವಸ್ತುವನ್ನು ಅಡಗಿಸಿರುತ್ತಾರೆ. ಮೆಣಸಿನಕಾಯಿ ಸಿಕ್ಕಿದವರು ಬಾಯಿಬಡುಕರು, ಇದ್ದಲು ಸಿಕ್ಕಿದವರು ಕಪ್ಪು ಮನಸ್ಸಿನವರು, ಉಣ್ಣೆ ಸಿಕ್ಕಿದವರು ಮೃದುಸ್ವಭಾವದವರು ಎಂದು ಮನೆಮಂದಿಯೆಲ್ಲ ನಗುತ್ತಾರೆ. ಹಬ್ಬದ ದಿನ ಖಪ್ಸೆ ಎಂಬ ಕರಿದ ತಿಂಡಿಯನ್ನು ಹಂಚಿ, ಒಬ್ಬರಿಗೊಬ್ಬರು ತಾಶಿ ದೆಲೆಕ್ ಎಂದು ಶುಭವನ್ನು ಹಾರೈಸುತ್ತಾರೆ.

ಅವರ ನಿತ್ಯದ ಪೂರ್ವಾಹಾರ ತ್ಸಂಪಾ. ಜವೆಗೋಧಿಯನ್ನು ಹುರಿದು ಬೀಸಿ, ಬೆಣ್ಣೆ ಉಪ್ಪು ಹಾಕಿದ ಚಹದಲ್ಲಿ ಕಲಸಿ ಉಂಡೆಮಾಡಿ ತಿನ್ನುವುದು ಇದರ ಕ್ರಮ. ನಮ್ಮ ರಾಗಿಯ ಹುರಿಹಿಟ್ಟನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ವಿವಾಹಿತೆಯಾದ ಸ್ತ್ರೀಯು ನಿಲುವಂಗಿಯ ಮುಂದೆ ಪಟ್ಟೆಪಟ್ಟೆಯ ಬಣ್ಣದ ಒಂದು ಮುಂಬಟ್ಟೆಯನ್ನು ಕಟ್ಟುತ್ತಾಳೆ. ಅದಕ್ಕೆ ಪಾಂಗ್ದೆನ್ ಎಂದು ಹೆಸರು. ಖಾಮ್ ಸೀಮೆಯಲ್ಲಿ ನಾಶವಾಗಿದ್ದ ಜೋಗ್‌ಚೆನ್ ಮಠವನ್ನು ಒಡೆಯರಪಾಳ್ಯದಲ್ಲಿ ಮತ್ತೆ ಕಟ್ಟಿದ್ದಾರೆ. 1992ರಲ್ಲಿ ದಲೈ ಲಾಮಾ ಅವರೇ ಬಂದು ಅದರ ಪ್ರಾರಂಭೋತ್ಸವವನ್ನು ನಡೆಯಿಸಿದರು.

2008ರಿಂದೀಚೆಗೆ ತರುಣರಲ್ಲಿ ಒಂದು ವ್ರತವು ಹಬ್ಬಿತು. ಲ್ಹಕಾರ್ ಎಂದು ಅದರ ಹೆಸರು. ಪ್ರತಿ ಬುಧವಾರ ಸ್ವದೇಶದ ಉಡುಗೆಯನ್ನು ಉಡುವುದು, ಸ್ವದೇಶದ ಆಹಾರವನ್ನು ಉಣ್ಣುವುದು, ಬೆರಕೆಯಿಲ್ಲದ ಟಿಬೆಟಿಯನ್ ಮಾತನ್ನೇ ಆಡುವುದು, ಇದೇ ಆ ವ್ರತ. ಇದಕ್ಕೆ ಹಣದ ಖರ್ಚು ಏನೂ ಇಲ್ಲ. ವಾರಕ್ಕೆ ಒಂದು ದಿನ ಮನಸ್ಸಿಟ್ಟರೆ ಸಾಕು.

ಎರಡನೆಯ ವಲಸೆ

ಇಷ್ಟೆಲ್ಲ ಏರ್ಪಾಡಿದ್ದರೂ ಈ ಸಮುದಾಯವು ಈಗ ಸವೆಯುತ್ತಿದೆ. 1990ರಲ್ಲಿ ಅಮೆರಿಕದ ಶಾಸನಸಭೆಯು ಭಾರತ ನೇಪಾಳಗಳಲ್ಲಿದ್ದ 1000 ಟಿಬೆಟಿಯನ್ನರಿಗೆ ತನ್ನ ದೇಶದಲ್ಲಿ ನೆಲೆಸಲು ಅನುಮತಿ ಕೊಟ್ಟಿತು. ಮುಂದಿನ ವರ್ಷಗಳಲ್ಲಿ ಅವರು ಹೋದರು, ಸಂಸಾರಗಳನ್ನು ಕರೆಸಿಕೊಂಡರು, ನೆಂಟರಿಗೆ ದಾರಿ ತೋರಿಸಿದರು. ಈಗ ನ್ಯೂಯಾರ್ಕಿನಲ್ಲಿಯೂ ಮಿನ್ನೆಸೋಟ ಸಂಸ್ಥಾನದಲ್ಲಿಯೂ ಕೆನಡಾ ದೇಶದ ಟೊರಾಂಟೊ ನಗರದಲ್ಲಿಯೂ ಅವರ ದೊಡ್ಡ ಗುಂಪುಗಳಿವೆ. 2009ರಲ್ಲಿ ಅವರದೇ ಆಡಳಿತವು ಮಾಡಿದ ಗಣತಿಯ ಪ್ರಕಾರ ಟಿಬೆಟಿನ ಹೊರಗೆ ಇದ್ದವರು 127,935 ಜನ. ಅವರಲ್ಲಿ ಭಾರತದಲ್ಲಿದ್ದವರು 94,203. ಆಮೇಲೆ ಭಾರತದಲ್ಲಿರುವವರ ಸಂಖ್ಯೆಯು ಇಳಿಯುತ್ತ ಬಂದಿದೆ. ತರುಣರು ಓದಿ ಹೊರಟುಹೋಗುತ್ತಾರೆ, ವೃದ್ಧರು ಉಳಿಯುತ್ತಾರೆ, ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಾರೆ.

ಅಲ್ಲಿ ಹುಟ್ಟುವ ಮಕ್ಕಳ ಸ್ಥಿತಿಯು ಬೇರೆಯಾದದ್ದು. ಅಜ್ಜಿಯು ಒಡೆಯರಪಾಳ್ಯದಲ್ಲಿ ಉಳಿದಳು. ತಂದೆತಾಯಿಗಳಿಗೆ ದಿನವಿಡೀ ಕೆಲಸ. ಶಾಲೆಯು ಇಂಗ್ಲಿಷಿನದು. ಆದಕಾರಣ ಭಾನುವಾರದ ಶಾಲೆಗಳನ್ನು ತೆರೆದು ವಾರಕ್ಕೊಮ್ಮೆ ಅಕ್ಷರವನ್ನು ಕಲಿಸುತ್ತಾರೆ. ಕಾಡಿನ ನಡುವೆ ಇದ್ದರೂ ಸಾಧ್ಯವಾದದ್ದು ಮಹಾನಗರದ ನಡುವೆ ಕಷ್ಟವಾಗುತ್ತದೆ. ಏಕೆಂದರೆ ಹಳ್ಳಿಯಲ್ಲಿ ಭಾಷೆಯು ಬೀದಿಯಲ್ಲಿತ್ತು, ಅಂಗಡಿಯಲ್ಲಿತ್ತು, ಜಗಳದಲ್ಲಿತ್ತು. ನಗರದಲ್ಲಿ ಅದು ನಾಲ್ಕು ಗೋಡೆಗಳೊಳಗೆ ಮಾತ್ರ ಉಳಿಯುತ್ತದೆ.

ಇದು ಹೊಸ ಸಂಗತಿಯಲ್ಲ. ಹಾಲೆಂಡ್ ದೇಶದ ಡಚ್ಚರು 1628ರಷ್ಟು ಹಿಂದೆಯೇ, ಈಗ ನ್ಯೂಯಾರ್ಕ್ ಎನಿಸಿಕೊಳ್ಳುವ ಸ್ಥಳದಲ್ಲಿ ತಮ್ಮ ಸಭೆಯನ್ನು ಸ್ಥಾಪಿಸಿದ್ದರು. 1847ರಲ್ಲಿ ವಾನ್ ರಾಲ್ಟೆ ಎಂಬ ಬೋಧಕರ ಹಿಂದೆ ಮತ್ತೊಂದು ಗುಂಪು ಹೋಗಿ, ಮಿಶಿಗನ್ ಸಂಸ್ಥಾನದ ಕಾಡನ್ನು ಕಡಿದು, ಹಾಲೆಂಡ್ ಎಂದೇ ಹೆಸರಿಟ್ಟು ಊರು ಕಟ್ಟಿತು. ಅವರಿಗೂ ಸ್ವಂತ ಭಾಷೆಯ ದೇವಾರಾಧನೆ ಇತ್ತು, ವರ್ತಮಾನ ಪತ್ರಗಳಿದ್ದವು. 1866ರಲ್ಲಿ ಕಾಲೇಜೂ ಆಯಿತು. ಆದರೆ ಮೂರು ತಲೆಮಾರುಗಳಲ್ಲಿ ಮನೆಯ ಮಾತು ಇಂಗ್ಲಿಷಾಯಿತು, ಪತ್ರಿಕೆಗಳು ಒಂದೊಂದಾಗಿ ನಿಂತವು. 1929ರಿಂದ ಆ ಊರಿನವರು ವರ್ಷಕ್ಕೊಮ್ಮೆ ಟ್ಯೂಲಿಪ್ ಹೂವಿನ ಉತ್ಸವವನ್ನು ಮಾಡಿ, ಮರದ ಪಾದರಕ್ಷೆಗಳನ್ನು ಮೆಟ್ಟಿ ಬೀದಿಯಲ್ಲಿ ಕುಣಿಯುತ್ತಾರೆ. ನೋಡಲು ಸಾವಿರಾರು ಜನರು ಬರುತ್ತಾರೆ. ಉತ್ಸವವು ಉಳಿಯಿತು, ಭಾಷೆಯು ಹೋಯಿತು. ಹಾಗೆಂದು ಆ ಜನರು ಬರಿದಾದರೆಂದು ನಾವು ಹೇಳುವುದಿಲ್ಲ. ಅವರ ಸಭೆಯವರೇ 1853ರಲ್ಲಿ ಆರ್ಕಾಟು ಮಿಶನನ್ನು ಸ್ಥಾಪಿಸಿದರು. 1918ರಲ್ಲಿ ವೆಲ್ಲೂರಿನಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಶಾಲೆಯನ್ನು ತೆರೆದ ಡಾಕ್ಟರ್ ಐಡಾ ಸ್ಕಡ್ಡರ್ ಅವರು ಆ ಮಿಶನಿನವರು. ಕಳೆದುಹೋಗುವುದು ಕಳೆದುಹೋದರೂ ಕೊಡುವ ಗುಣವು ಉಳಿಯಬಹುದು. ಆದರೆ ಭಾಷೆಯೊಂದೇ ಒಮ್ಮೆ ಮನೆಯಿಂದ ಹೊರಟರೆ ತಾನಾಗಿ ಹಿಂದಿರುಗುವುದಿಲ್ಲ.

ನಮಗೆ ಇದರಿಂದ ತಿಳಿಯತಕ್ಕದ್ದು

ಕನ್ನಡವು ಕೋಟ್ಯಂತರ ಜನರ ಭಾಷೆ, ಅದಕ್ಕೆ ಈ ಭಯವಿಲ್ಲವೆಂದು ಕೆಲವರು ಹೇಳಬಹುದು. ಕರ್ನಾಟಕದಲ್ಲಿ ಭಯವಿಲ್ಲದಿರಬಹುದು, ಮಾತು ಒಂದೊಂದು ಮನೆಯದು. ನಮ್ಮ ಕೊಳ್ಳೇಗಾಲವೇ 1956ರ ನವೆಂಬರ್ 1ರ ವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕಚೇರಿಯ ಭಾಷೆ ಬೇರೆಯಾದರೂ ಮನೆಮನೆಯ ಕನ್ನಡವು ಅಳಿಯಲಿಲ್ಲ. ಬೆಟ್ಟದ ಆಚೆಗಿನ ತಾಳವಾಡಿಯು ಈಗಲೂ ತಮಿಳುನಾಡಿನಲ್ಲಿದೆ. ಅಲ್ಲಿಯ ಮನೆಗಳಲ್ಲಿ ಕನ್ನಡವು ನಡೆಯುತ್ತಲೇ ಇದೆ. ನಮ್ಮ ಹಿರಿಯರು ಮಾಡಿದ್ದನ್ನು ನಮ್ಮ ಹೆಣ್ಣುಮಕ್ಕಳು ಎಲ್ಲಿದ್ದರೂ ಮಾಡಬಲ್ಲರು. ಅಮೆರಿಕದ ಊರೂರುಗಳಲ್ಲಿ ಕನ್ನಡ ಕೂಟಗಳಿವೆ. 2000ದಲ್ಲಿ ಹ್ಯೂಸ್ಟನ್ ನಗರದಲ್ಲಿ ಅವರು ದೊಡ್ಡ ಸಮ್ಮೇಳನವನ್ನೇ ನಡೆಯಿಸಿದರು. ಇದು ಸಂತೋಷದ ಸಂಗತಿ. ಆದರೆ ಡಚ್ಚರ ಹೂವಿನ ಉತ್ಸವವನ್ನು ನೆನೆದರೆ, ವರ್ಷಕ್ಕೊಮ್ಮೆ ಸೀರೆಯುಟ್ಟು ಕೂಡಿ ಉಂಡು ಬರುವುದರಿಂದ ಮಾತ್ರ ಭಾಷೆಯು ಉಳಿಯದೆಂಬುದು ಸ್ಪಷ್ಟವಾಗುತ್ತದೆ.

ಒಡೆಯರಪಾಳ್ಯದವರ ಬಾಳಿನಿಂದ ನಾವು ಮೂರು ಸಂಗತಿಗಳನ್ನು ಆರಿಸಿಕೊಂಡಿದ್ದೇವೆ. ಮೊದಲನೆಯದು, ಮಕ್ಕಳಿಗೆ ಮಾತಿನೊಡನೆ ಅಕ್ಷರವನ್ನೂ ಕಲಿಸುವುದು. ಕೇಳಿ ಕಲಿತ ಮಾತು ಕೇಳುವವರಿರುವ ತನಕ ಮಾತ್ರ ಇರುತ್ತದೆ. ಓದಲು ಬಂದವನಿಗೆ ಮಾತ್ರ ತೀರಿಹೋದವರೂ ಮಾತಾಡುತ್ತಾರೆ. ದಿನಕ್ಕೆ ಕಾಲುಗಂಟೆಯಂತೆ ಒಂದು ವರ್ಷ ಕೂರಿಸಿಕೊಂಡರೆ ಕಾಗುಣಿತವು ಮುಗಿದು, ಸುಲಭವಾದ ಕಾಗದವನ್ನು ಮಗುವು ಓದಬಲ್ಲದೆಂಬುದು ಪಾಠಹೇಳಿದ ನಮ್ಮ ಅನುಭವ. ಎರಡನೆಯದು, ಮಕ್ಕಳು ಅಜ್ಜಅಜ್ಜಿಯರೊಡನೆ ಇರುವ ಕಾಲವನ್ನು ಬೆಳೆಸುವುದು. ರಜೆಯಲ್ಲಿ ಊರಿಗೆ ಬಂದಾಗ ಅಂಗಡಿ, ತೇಟರುಗಳಲ್ಲಿ ದಿನ ಕಳೆಯದೆ ಹಿರಿಯರ ಹತ್ತಿರ ಕೂತಿರಲಿ. ಬರಲಾಗದಿದ್ದರೆ ಫೋನಿನಲ್ಲಾದರೂ ಅಜ್ಜಿಯೊಡನೆ ಇಂಗ್ಲಿಷ್ ಬೆರಸದೆ ಮಾತಾಡಲಿ. ಮೂರನೆಯದು, ವಾರಕ್ಕೆ ಒಂದು ದಿನವನ್ನು ಗೊತ್ತುಮಾಡಿಕೊಂಡು, ಆ ದಿನ ಊಟದ ಹೊತ್ತಿನಲ್ಲಿ ಮನೆಯವರೆಲ್ಲರೂ ಕನ್ನಡವನ್ನೇ ಆಡುವುದು.

ಊರಿನಲ್ಲಿ ಉಳಿದಿರುವ ತಂದೆತಾಯಿಗಳಿಗೂ ಒಂದು ವಿಜ್ಞಾಪನೆಯುಂಟು. ದೂರದಲ್ಲಿರುವ ಮೊಮ್ಮಗಳಿಗೆ ನೀವು ಕಾಗದವನ್ನು ಬರೆಯಿರಿ. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಯಿತು, ಕಾಗದವು ಪೆಟ್ಟಿಗೆಯಲ್ಲಿರುತ್ತದೆ. ದೊಡ್ಡ ಅಕ್ಷರಗಳಲ್ಲಿ, ನಾಲ್ಕೇ ಸಾಲು, ಈ ಸಾರಿ ರಾಗಿ ಹೇಗಾಯಿತು, ಹಸು ಕರು ಹಾಕಿತೋ ಇಲ್ಲವೋ, ಬೆಟ್ಟದಲ್ಲಿ ಮಳೆ ಎಷ್ಟು ಎಂದು ಬರೆದರೆ ಸಾಕು. ಓದಲು ಏನಾದರೂ ಇದ್ದರಲ್ಲವೇ ಮಗುವಿಗೆ ಓದು ಕಲಿಯಬೇಕೆಂಬ ಆಸೆ ಹುಟ್ಟುವುದು?

ಮುಂದಿನ ಸಾರಿ ನಮ್ಮವರು ಒಡೆಯರಪಾಳ್ಯಕ್ಕೆ ಹೋದಾಗ ಮಠವನ್ನು ನೋಡಿದ ಮೇಲೆ, ದಾರಿಯಲ್ಲಿ ಕಾಣುವ ಯಾರಾದರೂ ವೃದ್ಧೆಗೆ ತಾಶಿ ದೆಲೆಕ್ ಎಂದು ಹೇಳಿ ನಿಲ್ಲಲಿ. ಅವರಲ್ಲಿ ಅನೇಕರಿಗೆ ನಮ್ಮ ಕನ್ನಡವು ಚೆನ್ನಾಗಿ ಬರುತ್ತದೆ. ನಮ್ಮ ಸಂತೆಗಳಲ್ಲಿ, ಹೊಲಗಳಲ್ಲಿ ಕಲಿತದ್ದು. ತಮ್ಮ ನುಡಿಯನ್ನು ಬಿಡದೆ ನೆರೆಯವರ ನುಡಿಯನ್ನು ಕಲಿಯಬಹುದೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಾದದ್ದಿಲ್ಲ.